ಕಥೆ ಬಿಡಿ, ಐಟಂ ನೋಡಿ: ಬ್ರಿಟನ್ನಿನ ಹಳೆಯ ಅಗ್ಗದ ಹಾಡು-ಹಾಸ್ಯದ ಸಿನಿಮಾ ನೋಡುವ ಬಗೆ

ಮೊದಲೇ ಹೇಳಿಬಿಡುತ್ತೇನೆ, ಇವು ಒಳ್ಳೆಯ ಸಿನಿಮಾಗಳಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರಿಂದ ಸುಮಾರು 1964ರವರೆಗೆ, ಬ್ರಿಟನ್ನಿನಲ್ಲಿ ಕಡಿಮೆ ದುಡ್ಡಿಗೆ ಗಡಿಬಿಡಿಯಲ್ಲಿ ತೆಗೆದ ಹಾಡು-ಹಾಸ್ಯದ ಚಿತ್ರಗಳು. ಕಥೆ ತೆಳ್ಳಗೆ. ಬಾಗಿಲು ಜೋರಾಗಿ ಹಾಕಿದರೆ ಸೆಟ್ಟಿನ ಗೋಡೆ ಅಲುಗುತ್ತದೆ. ಹೀರೋ ಯಾರು ಅಂತ ಅರ್ಧ ಗಂಟೆಯಾದರೂ ಗೊತ್ತಾಗುವುದಿಲ್ಲ. ಆದರೂ ನಾನು ಬಿಡದೆ ನೋಡುತ್ತೇನೆ. ನೋಡಿ ಅಂತ ಸಿಕ್ಕವರ ತಲೆಯನ್ನೂ ತಿನ್ನುತ್ತೇನೆ.

ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: "ಹತ್ತು ನಿಮಿಷ ನೋಡಿದೆ, ಏನೂ ಆಗಲಿಲ್ಲ, ಆಫ್ ಮಾಡಿದೆ." ಹಾಗೆ ಆಫ್ ಮಾಡಿದವರೆಲ್ಲ ಕಥೆಗೆ ಕಾದವರು. ಕಥೆಗೆ ಕಾಯಬೇಡಿ, ಅದು ಬರುವುದಿಲ್ಲ. ಐಟಂ ಬರುತ್ತದೆ.

ಆಗ ಅಲ್ಲಿ ಊರೂರಿಗೂ ವೆರೈಟಿ ಥಿಯೇಟರ್ ಇತ್ತು. ಒಂದು ಸಂಜೆಗೆ ಏಳೆಂಟು ಐಟಂ. ಒಬ್ಬ ಹಾಡುಗಾರ, ಒಬ್ಬ ನಗಿಸುವವನು, ಚೆಂಡು ಎಸೆದು ಹಿಡಿಯುವವನು, ಸಾಲಾಗಿ ಕುಣಿಯುವ ಹುಡುಗಿಯರು, ಆಮೇಲೆ ಇನ್ನೊಬ್ಬ ನಗಿಸುವವನು. ಒಬ್ಬೊಬ್ಬರಿಗೂ ಹತ್ತು-ಹನ್ನೆರಡು ನಿಮಿಷ. ಆ ಹತ್ತು ನಿಮಿಷವನ್ನೇ ಅವರು ವರ್ಷಗಟ್ಟಲೆ ಊರು ಸುತ್ತುತ್ತಾ ತಿದ್ದಿ ತೀಡಿರುತ್ತಿದ್ದರು. ಈ ಸಿನಿಮಾದವರು ಮಾಡಿದ್ದು ಇಷ್ಟೇ: ಆ ಐಟಂಗಳನ್ನು ಒಂದು ನೆಪದ ಕಥೆಯಲ್ಲಿ ಪೋಣಿಸಿ, ಎದುರಿಗೆ ಕ್ಯಾಮೆರಾ ಇಟ್ಟರು. ಕಂಪನಿ ನಾಟಕ ನೋಡಿ ಬೆಳೆದವರಿಗೆ ಇದು ಬೇಗ ಹಿಡಿಸುತ್ತದೆ. ಅಲ್ಲೂ ಹಾಸ್ಯದ ಸೀನಿಗೂ ಮುಖ್ಯ ಕಥೆಗೂ ಏನು ಸಂಬಂಧ ಅಂತ ಯಾರೂ ಕೇಳುತ್ತಿರಲಿಲ್ಲ, ಅಲ್ವಾ?

ನಾನು ದೊಡ್ಡಬಳ್ಳಾಪುರದವನು. ಈಗ ಮ್ಯಾಂಚೆಸ್ಟರಿನಲ್ಲಿ ಆಸ್ಪತ್ರೆಯೊಂದರ ಎಕ್ಸ್-ರೇ ವಿಭಾಗದಲ್ಲಿ ಕೆಲಸ. ಸಿನಿಮಾ ಪಂಡಿತ ಅಲ್ಲ. ಕರಿಬೇವು, ತೊಗರಿಬೇಳೆ ತರೋಕೆ ರಶ್‌ಹೋಮ್ ಕಡೆ ಹೋದಾಗಲೆಲ್ಲ ಡಿಕನ್ಸನ್ ರಸ್ತೆ ದಾಟುತ್ತೇನೆ. ಆ ರಸ್ತೆಯಲ್ಲಿ ಒಂದು ಕಾಲಕ್ಕೆ ಫಿಲಂ ಸ್ಟುಡಿಯೋ ಇತ್ತು ಅಂತ ಗೊತ್ತಾದ ಮೇಲೆ ಶುರುವಾದ ಹುಚ್ಚು ಇದು.

ಮೊದಲು ಲೆಕ್ಕ ತಿಳಿದುಕೊಳ್ಳಿ

ಇಷ್ಟು ಸಿನಿಮಾ ಯಾಕೆ ತೆಗೆದರು ಅನ್ನುವುದು ಗೊತ್ತಿದ್ದರೆ ಅರ್ಧ ಸಿಟ್ಟು ಇಳಿಯುತ್ತದೆ. 1927ರಲ್ಲಿ ಬ್ರಿಟನ್ ಒಂದು ಕಾನೂನು ತಂತು. ಥಿಯೇಟರಿನವರು ಬರೀ ಹಾಲಿವುಡ್ ಚಿತ್ರ ಹಾಕಿಕೊಂಡು ಕೂರುವಂತಿಲ್ಲ, ಇಷ್ಟು ಪಾಲು ಸ್ವದೇಶಿ ಚಿತ್ರ ಹಾಕಲೇಬೇಕು ಅಂತ. ಹೇಗೋ ಕೋಟಾ ತುಂಬಿದರೆ ಸಾಕು ಅಂತ ಅಗ್ಗದ ಚಿತ್ರಗಳ ಸಾಲೇ ಬಂತು. ಯುದ್ಧಕ್ಕೆ ಮುಂಚೆ ಅಂಥ ಚಿತ್ರಕ್ಕೆ ಅಡಿಗೆ ಒಂದು ಪೌಂಡ್ ಅನ್ನುವ ರೇಟು ನಡೆಯುತ್ತಿತ್ತು. 35 ಎಂಎಂ ಫಿಲಂ ನಿಮಿಷಕ್ಕೆ 90 ಅಡಿ ಓಡುತ್ತದೆ. ಅಂದರೆ ಒಂದು ಗಂಟೆಯ ಚಿತ್ರಕ್ಕೆ 5,400 ಅಡಿ, ಸುಮಾರು 5,400 ಪೌಂಡ್. ಇಷ್ಟರಲ್ಲೇ ನಟರು, ಸೆಟ್ಟು, ಊಟ, ಎಲ್ಲ.

ಯುದ್ಧ ಮುಗಿದ ಮೇಲೆ ಸರ್ಕಾರದ ಕೈಯಲ್ಲಿ ಡಾಲರ್ ಇರಲಿಲ್ಲ. ಆದರೆ ಜನ ಸಿನಿಮಾಗೆ ಮುಗಿಬೀಳುತ್ತಿದ್ದರು. 1946ರ ಒಂದೇ ವರ್ಷದಲ್ಲಿ ಸುಮಾರು 163 ಕೋಟಿ ಟಿಕೆಟ್ ಖರ್ಚಾಗಿತ್ತು. ಆ ದುಡ್ಡು ಅಮೆರಿಕಕ್ಕೆ ಹರಿಯುವುದನ್ನು ತಡೆಯಲು 1947ರ ಆಗಸ್ಟ್‌ನಲ್ಲಿ ವಿದೇಶಿ ಚಿತ್ರಗಳ ಮೇಲೆ ಶೇ. 75 ಸುಂಕ ಹಾಕಿದರು. ಹಾಲಿವುಡ್ ಚಿತ್ರ ಕಳಿಸುವುದನ್ನೇ ನಿಲ್ಲಿಸಿತು. 1948ರ ಮಾರ್ಚ್‌ನಲ್ಲಿ ರಾಜಿ ಆಯಿತು. ಅದೇ ವರ್ಷ ಸ್ವದೇಶಿ ಕೋಟಾ ಶೇ. 45ಕ್ಕೆ ಏರಿತು. ಅಷ್ಟು ಚಿತ್ರ ಎಲ್ಲಿಂದ ತರೋದು? ಮರುವರ್ಷ 40ಕ್ಕೆ, 1950ಕ್ಕೆ 30ಕ್ಕೆ ಇಳಿಸಬೇಕಾಯಿತು. 1950ರಲ್ಲೇ ಈಡಿ ಲೆವಿ ಬಂತು: ಟಿಕೆಟ್ ದುಡ್ಡಿನಲ್ಲಿ ಒಂದು ಚೂರು ಎತ್ತಿಟ್ಟು, ಬ್ರಿಟಿಷ್ ಚಿತ್ರ ತೆಗೆದವರಿಗೆ ಅವರವರ ಗಳಿಕೆಗೆ ತಕ್ಕಂತೆ ಹಂಚುವುದು. ಕಡಿಮೆ ಖರ್ಚಿನಲ್ಲಿ ತೆಗೆದವನಿಗೆ ಇದು ಚೆನ್ನಾಗಿ ಗಿಟ್ಟುತ್ತಿತ್ತು.

ಸ್ಟಾರ್ ಸಂಬಳ ಕೊಡೋಕೆ ಆಗದವನು ಏನು ಮಾಡುತ್ತಾನೆ? ಪಕ್ಕದ ವೆರೈಟಿ ಥಿಯೇಟರಿನಲ್ಲಿ ಹೌಸ್‌ಫುಲ್ ಆಗುತ್ತಿರುವವನನ್ನು ಕರೆಸಿ, ಅವನ ಐಟಮ್ಮನ್ನೇ ಮಾಡಿಸುತ್ತಾನೆ. ಬರೆಯುವ ಖರ್ಚಿಲ್ಲ, ರಿಹರ್ಸಲ್ ಬೇಕಿಲ್ಲ. ದುಡ್ಡು ಸುರಿದರೆ ಚೆನ್ನಾಗಿ ಬರುತ್ತಿತ್ತು ಅಂತಲೂ ಅಂದುಕೊಳ್ಳಬೇಡಿ. 1946ರಲ್ಲಿ ರ‍್ಯಾಂಕ್ ಸಂಸ್ಥೆ ಹಾಲಿವುಡ್ಡಿನಿಂದ ಡೈರೆಕ್ಟರನ್ನು ಕರೆಸಿ 'ಲಂಡನ್ ಟೌನ್' ಅಂತ ಬಣ್ಣದ ಮ್ಯೂಸಿಕಲ್ ತೆಗೆಸಿತು. ನೀರಿನ ಹಾಗೆ ದುಡ್ಡು ಖರ್ಚಾಯಿತು, ಚಿತ್ರ ನೆಲಕಚ್ಚಿತು. ಈಗ ಅದರಲ್ಲಿ ನೋಡುವಂಥದ್ದು ಸಿಡ್ ಫೀಲ್ಡ್ ಅನ್ನುವ ಸ್ಟೇಜ್ ಹಾಸ್ಯಗಾರನ ಐಟಂಗಳು ಮಾತ್ರ.

ಟೈಟಲ್ ಕಾರ್ಡ್ ಓದಿ

ಮೊದಲ ಎರಡು ನಿಮಿಷ ಫೋನ್ ಕೆಳಗಿಡಿ. ಏನು ಸಿಗುತ್ತದೆ ಅನ್ನುವುದು ಟೈಟಲ್ಲಿನಲ್ಲೇ ಇರುತ್ತದೆ. ದೊಡ್ಡ ಗಾಂಗ್ ಹೊಡೆಯುವ ಗಟ್ಟಿ ಆಳು ಬಂದರೆ ಅದು ರ‍್ಯಾಂಕ್. ಸಾಮಾನ್ಯವಾಗಿ ಕೈಯಲ್ಲಿ ಕಾಸಿದ್ದವರು. ನಾವು ಹುಡುಕುವ ಹೆಸರು ಬೇರೆ: ಮ್ಯಾಂಕ್ಯೂನಿಯನ್, ಬುಚರ್ಸ್, ಅಡೆಲ್ಫಿ, ರಿನೌನ್, ಟೆಂಪಿಯನ್, ಇ. ಜೆ. ಫ್ಯಾನ್ಸಿ. ಹಾರರ್‌ಗೆ ಹೆಸರಾಗುವ ಮುಂಚಿನ ಹ್ಯಾಮರ್ ಕೂಡ ಈ ಸಾಲಿನದೇ. 1950ರಲ್ಲಿ ಅವರು 'ದ ಲೇಡಿ ಕ್ರೇವ್ಡ್ ಎಕ್ಸೈಟ್‌ಮೆಂಟ್' ಅಂತ ಕ್ಯಾಬರೆ ಹಾಡುಗಾರ್ತಿಯ ಕಥೆ ತೆಗೆದರು, ರೇಡಿಯೋ ಸೀರಿಯಲ್ ಒಂದರ ಮೇಲೆ.

ಆಮೇಲೆ ಹೆಸರುಗಳ ಪಟ್ಟಿ ನೋಡಿ. ನಟರ ಹೆಸರಿನ ಕೆಳಗೆ ಬ್ಯಾಂಡು, ಡ್ಯಾನ್ಸ್ ತಂಡ, "ಅಂಡ್ ಹಿಸ್ ಆರ್ಕೆಸ್ಟ್ರಾ" ಅಂತ ಜಾಸ್ತಿ ಇದ್ದಷ್ಟೂ ಕಥೆ ಕಡಿಮೆ. ನನಗಂತೂ ಅಂಥ ಪಟ್ಟಿ ಉದ್ದ ಇದ್ದಷ್ಟೂ ಖುಷಿ. ಪ್ರೊಡ್ಯೂಸರ್ ಹೆಸರೂ ಓದಿ. ಟೆಂಪಿಯನ್ನಿನ ರಾಬರ್ಟ್ ಬೇಕರ್ ಮತ್ತು ಮಾಂಟಿ ಬರ್ಮನ್ ಮಿಲಿಟರಿಯಲ್ಲಿ ಪರಿಚಯವಾದವರು. 1948ರಲ್ಲಿ 'ಎ ಡೇಟ್ ವಿತ್ ಎ ಡ್ರೀಮ್' ತೆಗೆದರು. ಯುದ್ಧದಲ್ಲಿ ಒಟ್ಟಿಗೆ ಸೈನಿಕರನ್ನು ನಗಿಸಿದ ತಂಡ ಮತ್ತೆ ಸೇರುವ ಕಥೆ. ಮೇಲ್ವರ್ಗದ ಠಕ್ಕ, ಪೋಲಿ ಪಾತ್ರಗಳಿಗೆ ಮುಂದೆ ಹೆಸರಾದ, ಹಲ್ಲಿನ ಸಂದಿಯ ಟೆರಿ-ಥಾಮಸ್ ಅದರಲ್ಲಿದ್ದಾನೆ. ಪುಟ್ಟ ಪಾತ್ರದಲ್ಲಿ ನಾರ್ಮನ್ ವಿಸ್ಡಮ್, ಅವನ ಮೊದಲ ಸಿನಿಮಾ. ಐದೇ ವರ್ಷಕ್ಕೆ ಅವನು ದೇಶದ ದೊಡ್ಡ ಸ್ಟಾರ್ ಆದ.

ಶುರು ಎಲ್ಲಿಂದ?

'ಪೆನ್ನಿ ಪಾಯಿಂಟ್ಸ್ ಟು ಪ್ಯಾರಡೈಸ್'ನಿಂದ ಮಾಡಿ. 1951ರದ್ದು. ಪೀಟರ್ ಸೆಲರ್ಸ್, ಹ್ಯಾರಿ ಸೀಕಂಬ್, ಸ್ಪೈಕ್ ಮಿಲಿಗನ್ ಮೂವರೂ ಇರುವ ಮೊದಲ ಪೂರ್ಣ ಚಿತ್ರ. ಅದೇ ವರ್ಷ ಮೇ ತಿಂಗಳಲ್ಲಿ ಇವರ ರೇಡಿಯೋ ಕಾರ್ಯಕ್ರಮ ಬಿಬಿಸಿಯಲ್ಲಿ ಶುರುವಾಗಿತ್ತು. ಮುಂದೆ ಅದೇ 'ದ ಗೂನ್ ಶೋ' ಆಯಿತು. ಕಥೆ ಒಂದು ಸಾಲಿನದು: ಫುಟ್‌ಬಾಲ್ ಪೂಲ್ಸ್‌ನಲ್ಲಿ, ಅಂದರೆ ಪಂದ್ಯಗಳ ಫಲಿತಾಂಶದ ಮೇಲೆ ಕಟ್ಟುವ ಜೂಜಿನಲ್ಲಿ, ದೊಡ್ಡ ಮೊತ್ತ ಗೆದ್ದವನು ರಜೆಗೆ ಬ್ರೈಟನ್ನಿನ ಅದೇ ಹಳೆಯ ಸಾಧಾರಣ ಬೋರ್ಡಿಂಗ್ ಹೌಸಿಗೆ ಬರುತ್ತಾನೆ. ಖೋಟಾ ನೋಟಿನವರು ಅವನ ಬೆನ್ನು ಹತ್ತುತ್ತಾರೆ. ತೆಗೆದದ್ದೂ ಬ್ರೈಟನ್ನಿನ ಪುಟ್ಟ ಸ್ಟುಡಿಯೋದಲ್ಲೇ.

ಇದರಿಂದಲೇ ಯಾಕೆ ಅಂದರೆ ಪ್ರಿಂಟ್ ಚೆನ್ನಾಗಿದೆ. ಹಂಚಿದ ಅಡೆಲ್ಫಿ ಒಂದು ಕುಟುಂಬದ ಕಂಪನಿ. ಆಮೇಲೆ ಬ್ರಿಟಿಷ್ ಫಿಲಂ ಇನ್‌ಸ್ಟಿಟ್ಯೂಟ್, ಅಂದರೆ ಬಿಎಫ್‌ಐ, ಚಿತ್ರವನ್ನು ರಿಪೇರಿ ಮಾಡಿ 2009ರಲ್ಲಿ ಡಿವಿಡಿ ತಂದಿತು. ಅದೇ ಡಿಸ್ಕಿನಲ್ಲಿ 'ಲೆಟ್ಸ್ ಗೋ ಕ್ರೇಜಿ' ಅಂತ ಅರ್ಧ ಗಂಟೆಯದೊಂದು ಇದೆ. ಅದೇ ಸ್ಟುಡಿಯೋ, ಅದೇ ಜನ, ಉಳಿದ ಸಮಯದಲ್ಲಿ ಸುತ್ತಿದ್ದು. ಕಥೆಯೇ ಇಲ್ಲ. ನೈಟ್‌ಕ್ಲಬ್ಬು, ಒಂದಾದ ಮೇಲೊಂದು ಐಟಂ, ನಡುನಡುವೆ ಸೆಲರ್ಸ್ ಬೇರೆ ಬೇರೆ ವೇಷದಲ್ಲಿ ಬಂದು ಹೋಗುತ್ತಾನೆ. ನಿಜ ಹೇಳಬೇಕೆಂದರೆ ಮೊದಲು ಈ ಅರ್ಧ ಗಂಟೆ ನೋಡಿ, ಆಮೇಲೆ ದೊಡ್ಡದು. ಕಣ್ಣು ಪಳಗುತ್ತದೆ.

ಇವರಿಗೆಲ್ಲ ಇಂಡಿಯಾದ ನಂಟು ಇರುವುದು ಇನ್ನೊಂದು ಮಜಾ. ಮಿಲಿಗನ್ ಹುಟ್ಟಿದ್ದು ಅಹಮದ್‌ನಗರದಲ್ಲಿ, 1918ರಲ್ಲಿ. ಸೆಲರ್ಸ್ ಯುದ್ಧದ ಕಾಲದಲ್ಲಿ ವಾಯುಪಡೆಯ ಮನರಂಜನಾ ತಂಡದ ಜೊತೆ ಇಲ್ಲಿ ಓಡಾಡಿದವನು. ನಾರ್ಮನ್ ವಿಸ್ಡಮ್ ಹುಡುಗನಾಗಿದ್ದಾಗ ಲಖನೌದಲ್ಲಿ ರೆಜಿಮೆಂಟಿನ ಬ್ಯಾಂಡಿನಲ್ಲಿ ಇದ್ದ.

ಆಮೇಲೆ ಮ್ಯಾಂಚೆಸ್ಟರಿಗೆ ಬನ್ನಿ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ನನ್ನ ಊರಿನ ಅಭಿಮಾನ ಅಂದುಕೊಳ್ಳಿ. ಜಾನ್ ಇ. ಬ್ಲೇಕ್ಲಿ ಅಂತ ಒಬ್ಬರು, ಮ್ಯಾಂಕ್ಯೂನಿಯನ್ ಇವರದೇ ಕಂಪನಿ. ಮನೆತನದ ವ್ಯಾಪಾರವೇ ಸಿನಿಮಾ ಹಂಚಿಕೆ. ಥಿಯೇಟರಿನಲ್ಲಿ ಯಾವುದಕ್ಕೆ ಜನ ಬರುತ್ತಾರೆ ಅನ್ನುವುದು ಚೆನ್ನಾಗಿ ಗೊತ್ತಿತ್ತು. 1934ರಲ್ಲಿ ಹಾಸ್ಯದ ಹಾಡುಗಾರ ಜಾರ್ಜ್ ಫಾರ್ಂಬಿಯ ಮೊದಲ ಟಾಕಿ 'ಬೂಟ್ಸ್! ಬೂಟ್ಸ್!' ತೆಗೆಸಿದ್ದು ಇವರೇ. ಯುದ್ಧ ಮುಗಿದ ಮೇಲೆ ಲಂಡನ್ನಿನ ಸ್ಟುಡಿಯೋ ಬಾಡಿಗೆ ಯಾಕೆ ಕೊಡಬೇಕು ಅಂತ ಡಿಕನ್ಸನ್ ರಸ್ತೆಯ ಹಳೆಯ ಮೆಥಡಿಸ್ಟ್ ಚರ್ಚ್ ಕೊಂಡು 1947ರಲ್ಲಿ ಅದನ್ನೇ ಸ್ಟುಡಿಯೋ ಮಾಡಿದರು. ಜನ ಅದಕ್ಕೆ ಜಾಲಿವುಡ್ ಅಂತ ಹೆಸರಿಟ್ಟರು. ಕಟ್ಟಡ ಈಗ ಇಲ್ಲ.

ಮೊದಲು ಬಂದದ್ದು 1948ರ 'ಕಪ್-ಟೈ ಹನಿಮೂನ್', ಸ್ಯಾಂಡಿ ಪವೆಲ್ ಇರುವ ಫುಟ್‌ಬಾಲ್ ಕಥೆ. ಅದರಲ್ಲಿ ಒಬ್ಬ ಚಿಕ್ಕ ವಯಸ್ಸಿನ ನಟಿಯನ್ನು ಗಮನಿಸಿ. ಮುಂದೆ ಪ್ಯಾಟ್ ಫೀನಿಕ್ಸ್ ಅನ್ನುವ ಹೆಸರಿನಲ್ಲಿ 'ಕಾರೊನೇಶನ್ ಸ್ಟ್ರೀಟ್' ಸೀರಿಯಲ್ಲಿನ ಎಲ್ಸಿ ಟ್ಯಾನರ್ ಆಗಿ ಮನೆಮಾತಾದವಳು ಅವಳೇ.

ಬ್ಲೇಕ್ಲಿಯ ಸ್ಕ್ರಿಪ್ಟುಗಳಲ್ಲಿ ಹಾಸ್ಯ ಬರಬೇಕಾದ ಕಡೆ "ಬಸ್" ಅಂತಷ್ಟೇ ಬರೆದಿರುತ್ತಿತ್ತಂತೆ. ಬಿಸಿನೆಸ್ ಅಂತ. ಇಲ್ಲಿಂದ ನಿಮ್ಮ ಆಟ, ನೀವೇ ಮಾಡಿ ಅಂತ ಅರ್ಥ. ನೋಡುವಾಗ ಈ ಜಾಗ ತಾನಾಗಿ ಗೊತ್ತಾಗುತ್ತದೆ. ಅಲ್ಲಿಯವರೆಗೆ ಲಟಪಟ ಅಂತ ಕತ್ತರಿಸುತ್ತಿದ್ದ ಕ್ಯಾಮೆರಾ ಎದುರಿಗೆ ಹೋಗಿ ನಿಂತುಬಿಡುತ್ತದೆ. ಕದಲುವುದಿಲ್ಲ. ನಟನ ತಲೆಯಿಂದ ಮೊಣಕಾಲಿನವರೆಗೆ ಫ್ರೇಮು. ಆಗ ನೀವು ಬೆನ್ನು ನೆಟ್ಟಗೆ ಮಾಡಿ ಕೂರಬೇಕು.

ಇದಕ್ಕೆ 1950ರ 'ಓವರ್ ದ ಗಾರ್ಡನ್ ವಾಲ್' ನೋಡಿ. ನಾರ್ಮನ್ ಇವಾನ್ಸ್, ರಾಚ್‌ಡೇಲ್‌ನವನು, ಫ್ಯಾನಿ ಅನ್ನುವ ಹೆಂಗಸಿನ ವೇಷ. ಅವನ ಹೆಸರಾಂತ ಐಟಂ ಹಿತ್ತಲ ಗೋಡೆಯದು. ಗೋಡೆಯ ಆಚೆ ನಿಂತು ಪಕ್ಕದ ಮನೆಯವಳ ಜೊತೆ ಊರ ಸುದ್ದಿ. ಪಕ್ಕದ ಮನೆಯವಳು ನಮಗೆ ಕಾಣುವುದೂ ಇಲ್ಲ, ಕೇಳುವುದೂ ಇಲ್ಲ. ಅವಳು ಏನಂದಳು ಅಂತ ಇವನ ಮುಖದಲ್ಲೇ ಓದಿಕೊಳ್ಳಬೇಕು. ಹಲ್ಲಿಲ್ಲದ ಬಾಯಿ. ಕೆಳತುಟಿ ಮೂಗಿನವರೆಗೂ ಹೋಗಿ ಬರುತ್ತದೆ. ಮೈ ಎತ್ತಿ ಗೋಡೆಯ ಮೇಲೆ ಒರಗುತ್ತಾನೆ, ಕಾಲು ಜಾರುತ್ತದೆ, ಎದೆಗೆ ಇಟ್ಟಿಗೆ ತಗಲುತ್ತದೆ, ನೋವು ನುಂಗಿ ಸುದ್ದಿ ಮುಂದುವರಿಸುತ್ತಾನೆ. ಇನ್ನು ಯಾರದೋ ಹೊಟ್ಟೆ ಆಪರೇಶನ್ ಅಥವಾ ಯಾರದೋ ಮಗಳ ವಿಷಯ ಬಂತೋ, ದನಿ ನಿಂತುಹೋಗುತ್ತದೆ. ಬರೀ ತುಟಿ ಆಡುತ್ತದೆ. ಮುಚ್ಚುಮರೆಯ ಮಾತು ಪೂರ್ತಿ ಮೂಕಿಯಲ್ಲಿ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ವಯಸ್ಸಾದ ಹೆಂಗಸು ಇದ್ದಾರೆ. ಹುಡುಗಿಯಾಗಿದ್ದಾಗ ಓಲ್ಡಮ್‌ನ ಹತ್ತಿ ಗಿರಣಿಯಲ್ಲಿ ಕೆಲಸ ಮಾಡಿದವರು. ಅವರ ಜೊತೆ ಕೂತು ಇದನ್ನು ನೋಡುತ್ತಿದ್ದಾಗ ಆ ಮೂಕ ಭಾಗ ಬಂತು. ನಾನು ನಗುತ್ತಿದ್ದೆ, ಅವರು ಅವನು ಏನಂದ ಅಂತ ನನಗೆ ಒಪ್ಪಿಸಿದರು, ಪದ ಪದವಾಗಿ! ಮಗ್ಗದ ಶೆಡ್ಡಿನ ಗದ್ದಲದಲ್ಲಿ ಕಿವಿ ಕೆಲಸ ಮಾಡುವುದಿಲ್ಲ. ಅದಕ್ಕೆ ಲ್ಯಾಂಕಶೈರಿನ ಗಿರಣಿ ಹೆಂಗಸರು ತುಟಿಯನ್ನು ಅಗಲಗಲ ಆಡಿಸಿ ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದರು. ಮೀ-ಮಾ ಅಂತ ಕರೆಯುತ್ತಾರೆ. ಇವಾನ್ಸ್ ಅದನ್ನೇ ಎತ್ತಿ ಸ್ಟೇಜಿಗೆ ತಂದಿದ್ದ. ನಮ್ಮೂರಿನ ಪವರ್‌ಲೂಮ್ ಬೀದಿಯಲ್ಲೂ ಹಾಗೇ. ನಮ್ಮ ಸೋದರತ್ತೆ ಮಗ್ಗದ ಪಕ್ಕ ನಿಂತು ಊಟ ಆಯ್ತಾ ಅಂತ ಕೇಳುವುದೂ ತುಟಿಯಲ್ಲೇ, ಬೈಯುವುದೂ ತುಟಿಯಲ್ಲೇ. ಆದ್ದರಿಂದ ಈ ಐಟಂ ನೋಡುವಾಗ ಒಂದು ಸಲ ಸೌಂಡ್ ಪೂರ್ತಿ ಮ್ಯೂಟ್ ಮಾಡಿ ನೋಡಿ. ಏನೂ ಕಳೆದುಹೋಗುವುದಿಲ್ಲ.

ಅದೇ ಚಿತ್ರದಲ್ಲಿ ಜಿಮ್ಮಿ ಜೇಮ್ಸ್ ಕೂಡ ಇದ್ದಾನೆ. ಕುಡುಕನ ಐಟಂಗೆ ಇಡೀ ದೇಶದಲ್ಲಿ ಹೆಸರಾದವನು, ತಾನು ಮಾತ್ರ ಒಂದು ತೊಟ್ಟೂ ಮುಟ್ಟುತ್ತಿರಲಿಲ್ಲ.

ಫ್ರಾಂಕ್ ರ‍್ಯಾಂಡಲ್‌ನನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳಿ. ಅವನು ಮ್ಯಾಂಕ್ಯೂನಿಯನ್ನಿನ ದೊಡ್ಡ ಕುದುರೆ. 'ಹಾಲಿಡೇಸ್ ವಿತ್ ಪೇ', 'ಸ್ಕೂಲ್ ಫಾರ್ ರ‍್ಯಾಂಡಲ್', ಆಮೇಲೆ 1953ರ 'ಇಟ್ಸ್ ಎ ಗ್ರ್ಯಾಂಡ್ ಲೈಫ್'. ಸ್ಟೇಜಿನಲ್ಲಿ ಕಟ್ಟಿಸಿದ ಹಲ್ಲು ಬಿಚ್ಚಿ ಜನರ ಮೇಲೆ ಎಸೆಯುತ್ತಿದ್ದ ಆಸಾಮಿ. ಜನ ರಜೆಗೆ ಹೋಗುವ ಕಡಲತೀರದ ಊರು ಬ್ಲ್ಯಾಕ್‌ಪೂಲಿನ ಪೊಲೀಸರಿಗೂ ಅವನಿಗೂ ಪೋಲಿ ಜೋಕಿನ ವಿಷಯಕ್ಕೆ ಯಾವಾಗಲೂ ಜಟಾಪಟಿ. ಸಿನಿಮಾದಲ್ಲಿ ಅವನನ್ನು ಕಟ್ಟಿಹಾಕಿರುತ್ತಾರೆ, ಆದರೂ ಕಣ್ಣಲ್ಲಿ ಆ ಪೋಕರಿತನ ಕಾಣುತ್ತದೆ. ಮೊದಲ ಸಲಕ್ಕೇ ಅವನನ್ನು ನೋಡಿದರೆ ಕಿರುಚಾಟ ಅನ್ನಿಸಬಹುದು. ನನ್ನ ಹೆಂಡತಿಗೆ ಈಗಲೂ ಹಾಗೇ ಅನ್ನಿಸುತ್ತದೆ.

ಒಬ್ಬರೇ ಕೂತು ನೋಡಬೇಡಿ

ಇದು ಸಲಹೆ ಅಲ್ಲ, ಷರತ್ತು. ಸ್ಟೇಜಿನ ಹಾಸ್ಯಗಾರ ಒಂದು ಮಾತು ಹೇಳಿ ನಗು ಇಳಿಯುವವರೆಗೆ ನಿಲ್ಲುತ್ತಾನೆ. ಸಿನಿಮಾದಲ್ಲೂ ಅವನು ಅದೇ ಅಳತೆಯಲ್ಲಿ ನಿಲ್ಲುತ್ತಾನೆ, ಆದರೆ ಅಲ್ಲಿ ನಗುವವರು ಇಲ್ಲ. ಒಬ್ಬರೇ ಲ್ಯಾಪ್‌ಟಾಪಿನಲ್ಲಿ ನೋಡಿದರೆ ಆ ಖಾಲಿ ಜಾಗ ಹಿಂಸೆ. ನಾಲ್ಕು ಜನ ಇದ್ದರೆ ಆ ಜಾಗ ತುಂಬುತ್ತದೆ. ಒಬ್ಬರು ನಕ್ಕರೆ ಸಾಕು, ಉಳಿದವರು ಅವರು ನಕ್ಕಿದ್ದಕ್ಕೆ ನಗುತ್ತಾರೆ. ಮಂಡಕ್ಕಿ ಖಾರ ಮಾಡಿಟ್ಟುಕೊಳ್ಳಿ. ಮಾತಾಡುತ್ತಾ ನೋಡಿ. ಈ ಸಿನಿಮಾಗಳಿಗೆ ಮಾತು ಅಡ್ಡಿ ಅಲ್ಲ.

ಆಟೋ ಸಬ್‌ಟೈಟಲ್ ಹಾಕಬೇಡಿ. ಲ್ಯಾಂಕಶೈರಿನ ಮಾತು ಅದಕ್ಕೆ ಹತ್ತುವುದಿಲ್ಲ, ಬಾಯಿಗೆ ಬಂದದ್ದು ಬರೆಯುತ್ತದೆ. ಅದರ ಬದಲು ನಾಲ್ಕೈದು ವಿಷಯ ತಲೆಯಲ್ಲಿಟ್ಟುಕೊಳ್ಳಿ. ಅರ್ಧ ಜೋಕು ರೇಷನ್ನಿನ ಮೇಲೆ. ಯುದ್ಧ 1945ರಲ್ಲಿ ಮುಗಿದರೂ ಮಿಠಾಯಿ ರೇಷನ್ನಿನಿಂದ ಹೊರಬಂದದ್ದು 1953ರ ಫೆಬ್ರವರಿಯಲ್ಲಿ, ಮಾಂಸ 1954ರ ಜುಲೈಯಲ್ಲಿ. ಹಾಗಾಗಿ ತೆರೆಯ ಮೇಲೆ ಒಂದು ದೊಡ್ಡ ಮಾಂಸದ ತುಂಡು ಬಂದರೆ ಆಗಿನವರಿಗೆ ಅದೇ ಜೋಕು. ಅಗಲ ಟೈ, ಸಣ್ಣ ಮೀಸೆಯವನು ಕಾಣಿಸಿಕೊಂಡರೆ ಅವನು ಸ್ಪಿವ್, ಬ್ಲ್ಯಾಕ್ ಮಾರ್ಕೆಟ್ಟಿನವನು. ಸಾರ್ಜೆಂಟ್ ಕಿರುಚುವ ಸೀನಿಗೆ ಜನ ಯಾಕೆ ಬೀಳುತ್ತಿದ್ದರು? ಆಗ ಹದಿನೆಂಟು ದಾಟಿದ ಗಂಡುಹುಡುಗರಿಗೆಲ್ಲ ಕಡ್ಡಾಯ ಮಿಲಿಟರಿ ಸೇವೆ ಇತ್ತು. ಗೂನ್‌ಗಳ 1952ರ 'ಡೌನ್ ಅಮಾಂಗ್ ದ ಝಡ್ ಮೆನ್' ಹೆಸರೂ ಅಲ್ಲಿಂದಲೇ. ಬಿಡುಗಡೆಯಾದ ಹಳೆಯ ಸೈನಿಕರನ್ನು ಝಡ್ ರಿಸರ್ವ್ ಅಂತ ಇಟ್ಟಿದ್ದರು, 1951ರಲ್ಲಿ ಅವರಲ್ಲಿ ಒಂದಷ್ಟು ಜನರನ್ನು ಮತ್ತೆ ತರಬೇತಿಗೆ ಕರೆದರು. ಬೋರ್ಡಿಂಗ್ ಹೌಸಿನ ಸಿಡುಕಿ ಯಜಮಾನಿ ಇಲ್ಲದ ಚಿತ್ರವೇ ಕಡಿಮೆ. ಗಿರಣಿ ಊರುಗಳಲ್ಲಿ ವರ್ಷಕ್ಕೊಂದು ವಾರ ಎಲ್ಲ ಗಿರಣಿಗೂ ಒಟ್ಟಿಗೆ ಬೀಗ, ಊರಿಗೆ ಊರೇ ಬ್ಲ್ಯಾಕ್‌ಪೂಲಿಗೆ. 'ಹಾಲಿಡೇಸ್ ವಿತ್ ಪೇ' ಅನ್ನುವ ಹೆಸರು ಸಂಬಳದ ರಜೆ ಕೊಡಿಸಿದ 1938ರ ಕಾನೂನಿನದೇ. ದುಡ್ಡಿನ ಲೆಕ್ಕವೂ ಹಳೆಯದು, ಪೌಂಡಿಗೆ 20 ಶಿಲಿಂಗ್, ಶಿಲಿಂಗಿಗೆ 12 ಪೆನ್ಸ್. ಯಾರಾದರೂ ಹಾಫ್ ಕ್ರೌನ್ ಟಿಪ್ಸ್ ಕೊಟ್ಟರೆ ಎರಡೂವರೆ ಶಿಲಿಂಗ್, ಧಾರಾಳಿ ಅಂತ ತಿಳಿಯಿರಿ.

ಹಾಡು ಬಂದರೆ ಓಡಿಸಬೇಡಿ

ನಗು ಬಾರದವರು ಹಾಡಿಗಾದರೂ ನೋಡಬೇಕು. ಹಾಡು ಕಥೆಯಿಂದ ಹುಟ್ಟುವುದಿಲ್ಲ. ಕ್ಲಬ್ಬು, ಮಿಲಿಟರಿ ಕ್ಯಾಂಪಿನ ಸಂಗೀತ ಸಂಜೆ, ಚರ್ಚಿನ ಸಭಾಂಗಣ, ಏನೋ ಒಂದು ನೆಪ. ಬ್ಲೇಕ್ಲಿಯ ಚಿತ್ರಗಳಲ್ಲಿ ಐರಿಶ್ ಹಾಡುಗಾರ ಜೋಸೆಫ್ ಲಾಕ್ ಸುಮ್ನೆ ಬಂದು ನಿಂತು ಎದೆ ತುಂಬಾ ಹಾಡಿ ಹೋಗುತ್ತಾನೆ. ಬ್ಲ್ಯಾಕ್‌ಪೂಲಿಗೆ ಹೋಗಿ ಟಿಕೆಟ್ ಕೊಳ್ಳಲಾಗದವರಿಗೆ ಅವನು ಹೀಗೆ ಸಿಗುತ್ತಿದ್ದ.

'ಇಟ್ಸ್ ಎ ಗ್ರ್ಯಾಂಡ್ ಲೈಫ್'ನಲ್ಲಿ ವಿನಿಫ್ರೆಡ್ ಅಟ್ವೆಲ್ ಪಿಯಾನೋ ನುಡಿಸುವ ಜಾಗ ಬಂದಾಗ ಮುಂದಕ್ಕೆ ವಾಲಿ ನೋಡಿ. ಟ್ರಿನಿಡಾಡ್‌ನಿಂದ ಬಂದವಳು. ಶಾಸ್ತ್ರೀಯ ಸಂಗೀತಕ್ಕೆ ಗ್ರ್ಯಾಂಡ್ ಪಿಯಾನೋ, ಕುಣಿಸುವ ಹಾಡಿಗೆ ಗುಜರಿಯಲ್ಲಿ ಕೊಂಡ ಹಳೆಯ ಲಡಕಾಸಿ ಪಿಯಾನೋ, ಎರಡನ್ನೂ ಇಟ್ಟುಕೊಂಡು ಕಾರ್ಯಕ್ರಮ ಕೊಡುತ್ತಿದ್ದಳು. ಮರುವರ್ಷ, 1954ರಲ್ಲಿ, ಬ್ರಿಟಿಷ್ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿದ ಮೊದಲ ಕಪ್ಪು ಕಲಾವಿದೆಯಾದಳು. ರ‍್ಯಾಂಡಲ್‌ನ ಕಿರುಚಾಟದ ನಡುವೆ ಈ ನಗುಮುಖ. ನನ್ನ ಮಟ್ಟಿಗೆ ಇಡೀ ಚಿತ್ರಕ್ಕೆ ಕೊಟ್ಟ ದುಡ್ಡು ಅಲ್ಲೇ ವಸೂಲಿ.

ಯಾವುದನ್ನು ಬಿಡಬಹುದು? ಕಾಡಿನ "ಆದಿವಾಸಿ"ಗಳನ್ನು ಗೇಲಿ ಮಾಡುವ, ಮುಖಕ್ಕೆ ಮಸಿ ಬಳಿದು ಕುಣಿಯುವ ಭಾಗಗಳನ್ನು ನಾನು ಓಡಿಸಿಬಿಡುತ್ತೇನೆ. 'ಓಲ್ಡ್ ಮದರ್ ರೈಲೀಸ್ ಜಂಗಲ್ ಟ್ರೆಷರ್' ಅಂಥದ್ದು. ಮಕ್ಕಳು ಜೊತೆಗಿದ್ದರೆ ಅದನ್ನು ಹಾಕಲೇಬೇಡಿ. ಮದರ್ ರೈಲಿ ಅಂದರೆ ಬಟ್ಟೆ ಒಗೆಯುವ ಐರಿಶ್ ಮುದುಕಿ, ವೇಷ ಆರ್ಥರ್ ಲೂಕನ್ ಅವನದು, ಮಗಳ ಪಾತ್ರದಲ್ಲಿ ಅವನ ಸ್ವಂತ ಹೆಂಡತಿ ಕಿಟ್ಟಿ ಮ್ಯಾಕ್‌ಶೇನ್. ಅವನದು ಒಂದೇ ನೋಡುವುದಾದರೆ 1952ರ 'ಮದರ್ ರೈಲಿ ಮೀಟ್ಸ್ ದ ವ್ಯಾಂಪೈರ್'. ಹಿಂದಿನ ವರ್ಷ ಡ್ರಾಕುಲಾ ನಾಟಕದ ಪ್ರವಾಸಕ್ಕೆ ಬಂದಿದ್ದ ಬೇಲಾ ಲುಗೋಸಿ ಇದರಲ್ಲಿ ವಿಲನ್. ಕೈಕಾಲೆಲ್ಲ ಗಾಳಿಯಲ್ಲಿ ಹಾರಿಸುವ ಮುದುಕಿ ಒಂದು ಕಡೆ, ಹುಬ್ಬನ್ನೂ ಕದಲಿಸದ ಲುಗೋಸಿ ಇನ್ನೊಂದು ಕಡೆ. ಎರಡು ವರ್ಷದ ಮೇಲೆ ಲೂಕನ್ ಹಲ್ ಊರಿನ ಟಿವೊಲಿ ಥಿಯೇಟರಿನಲ್ಲಿ, ಸ್ಟೇಜಿಗೆ ಹೋಗಲು ಸೈಡ್‌ವಿಂಗಿನಲ್ಲಿ ನಿಂತಿದ್ದಾಗಲೇ ಕುಸಿದು ತೀರಿಕೊಂಡ.

ಗಿಟಾರ್ ಬಂದ ಮೇಲೆ

1955ರಲ್ಲಿ ಐಟಿವಿ ಅನ್ನುವ ಖಾಸಗಿ ಟಿವಿ ಶುರುವಾಯಿತು. ನಗಿಸುವವರೆಲ್ಲ ಮನೆಯೊಳಗೇ ಬಂದರು, ವೆರೈಟಿ ಥಿಯೇಟರುಗಳು ಮುಚ್ಚತೊಡಗಿದವು. ಡಿಕನ್ಸನ್ ರಸ್ತೆಯ ಸ್ಟುಡಿಯೋವನ್ನು 1954ರಲ್ಲೇ ಬಿಬಿಸಿ ಕೊಂಡಿತ್ತು. ಅವರ ಹಾಡಿನ ಕಾರ್ಯಕ್ರಮ 'ಟಾಪ್ ಆಫ್ ದ ಪಾಪ್ಸ್'ನ ಮೊದಲ ಕಂತು 1964ರ ಜನವರಿ 1ರಂದು ಹೋದದ್ದು ಅದೇ ಹಳೆಯ ಚರ್ಚಿನಿಂದ.

ಅಗ್ಗದ ಚಿತ್ರ ಮಾತ್ರ ನಿಲ್ಲಲಿಲ್ಲ, ಐಟಂ ಬದಲಾಯಿತು ಅಷ್ಟೇ. 1956ರ ಕೊನೆಗೆ ಹಿಟ್ ಆದ ರಾಕ್ ಅಂಡ್ ರೋಲ್ ಹಾಡುಗಾರ ಟಾಮಿ ಸ್ಟೀಲ್‌ನ ಮೇಲೆ 1957ಕ್ಕೇ 'ದ ಟಾಮಿ ಸ್ಟೀಲ್ ಸ್ಟೋರಿ' ಬಂತು. ಹುಡುಗನಿಗೆ ಇಪ್ಪತ್ತು ವರ್ಷ, ಆಗಲೇ ಜೀವನಚರಿತ್ರೆ! ಈ ಸಾಲಿನಲ್ಲಿ ಒಂದೇ ಆರಿಸಿ ಅಂದರೆ 1962ರ 'ಇಟ್ಸ್ ಟ್ರ್ಯಾಡ್, ಡ್ಯಾಡ್!' ಆರಿಸುತ್ತೇನೆ. ಮೇಯರ್ ಕಾಫಿ ಬಾರಿನ ಸಂಗೀತ ನಿಲ್ಲಿಸುತ್ತಾನೆ, ಹುಡುಗ-ಹುಡುಗಿ ಟಿವಿಯವರನ್ನು ಹುಡುಕಿ ಹೋಗುತ್ತಾರೆ. ಮುಗಿಯಿತು ಕಥೆ. ಉಳಿದದ್ದೆಲ್ಲ ಹಾಡು. ಆದರೆ ಡೈರೆಕ್ಟರ್ ರಿಚರ್ಡ್ ಲೆಸ್ಟರ್. ಸೆಲರ್ಸ್, ಮಿಲಿಗನ್ ಜೊತೆ ಸುಮಾರು 70 ಪೌಂಡಿನಲ್ಲಿ ಹನ್ನೊಂದು ನಿಮಿಷದ ಚಿತ್ರ ತೆಗೆದು ಆಸ್ಕರ್ ನಾಮಿನೇಶನ್ ತನಕ ಹೋದ ಆಸಾಮಿ. ಇಲ್ಲಿ ಒಂದೊಂದು ಹಾಡನ್ನೂ ಒಂದೊಂದು ರೀತಿ ಕತ್ತರಿಸುತ್ತಾನೆ. ಬ್ಲೇಕ್ಲಿಯ ಕದಲದ ಕ್ಯಾಮೆರಾ ನೋಡಿದ ಮೇಲೆ ಇದನ್ನು ಹಾಕಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಅದೇ ಲೆಸ್ಟರ್ ಎರಡು ವರ್ಷದ ಮೇಲೆ ಬೀಟಲ್ಸ್‌ನ 'ಎ ಹಾರ್ಡ್ ಡೇಸ್ ನೈಟ್' ತೆಗೆದದ್ದು. ಅದೂ ಬ್ಲ್ಯಾಕ್ ಅಂಡ್ ವೈಟ್, ಅದೂ ಕಡಿಮೆ ಬಜೆಟ್. ಅದನ್ನು ನೋಡಲು ನನ್ನ ಸಹಾಯ ಬೇಕಿಲ್ಲ.

ಎಲ್ಲಿ ಸಿಗುತ್ತದೆ, ಏನು ನೋಡಿ ಕೊಳ್ಳಬೇಕು

ಬ್ರಿಟನ್ನಿನಲ್ಲಿ ಇರುವವರಿಗೆ ಸುಲಭ. 2015ರಲ್ಲಿ ಶುರುವಾದ ಟಾಕಿಂಗ್ ಪಿಕ್ಚರ್ಸ್ ಟಿವಿ ಅನ್ನುವ ಉಚಿತ ಚಾನೆಲ್ ಇಂಥವನ್ನೇ ಹಾಕುತ್ತದೆ. ಮಧ್ಯಾಹ್ನದ ಹೊತ್ತು ಜಾಸ್ತಿ, ಅದಕ್ಕೆ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಊರಲ್ಲಿ ಇರುವವರಿಗೆ ಯೂಟ್ಯೂಬ್ ಇದೆ, ಆದರೆ ಅಲ್ಲಿ ಇವತ್ತು ಇದ್ದದ್ದು ನಾಳೆ ಇರುವುದಿಲ್ಲ. ಡಿವಿಡಿ ತರಿಸುವುದಾದರೆ ಎರಡು ವಿಷಯ ನೋಡಿ.

ಒಂದು, ರೀಜನ್. ಅಲ್ಲಿನ ಡಿಸ್ಕು ರೀಜನ್ 2, ನಮ್ಮ ಕಡೆಯ ಪ್ಲೇಯರ್ ರೀಜನ್ 5. ಮಲ್ಟಿ-ರೀಜನ್ ಪ್ಲೇಯರ್ ಇಲ್ಲದಿದ್ದರೆ ಡಿಸ್ಕು ಟೀ ಲೋಟ ಇಡೋಕೆ ಆಗುತ್ತದೆ ಅಷ್ಟೇ.

ಎರಡು, ಅವಧಿ. ಈ ಚಿತ್ರಗಳನ್ನು ಆಮೇಲೆ ಮನಬಂದಂತೆ ಕತ್ತರಿಸಿ, ಹೆಸರು ಬದಲಿಸಿ, ಒಂದನ್ನೇ ಎರಡು ಮೂರು ಚಿಕ್ಕ ಚಿತ್ರ ಮಾಡಿ ಮತ್ತೆ ಬಿಟ್ಟದ್ದುಂಟು. ಕತ್ತರಿ ಮೊದಲು ಬೀಳುತ್ತಿದ್ದದ್ದು ಹಾಡಿನ ಮೇಲೆ, ಅಂದರೆ ನಾವು ಹುಡುಕುವುದರ ಮೇಲೇ. ಹಾಗಾಗಿ ಕೊಳ್ಳುವ ಮುಂಚೆ ಮೂಲ ಅವಧಿ ಎಷ್ಟು, ಡಿಸ್ಕಿನಲ್ಲಿ ಎಷ್ಟು ಅಂತ ತಾಳೆ ನೋಡಿ. ಒಂದೆರಡು ನಿಮಿಷ ಕಡಿಮೆ ಇದ್ದರೆ ಗಾಬರಿ ಬೇಡ. ಫಿಲಂ ಓಡುವುದು ಸೆಕೆಂಡಿಗೆ 24 ಫ್ರೇಮ್, ಪಾಲ್ (PAL, ಬ್ರಿಟನ್ನಿನ ಟಿವಿ ಪದ್ಧತಿ) ಡಿವಿಡಿ ಓಡುವುದು 25. 75 ನಿಮಿಷದ ಚಿತ್ರ 72 ನಿಮಿಷಕ್ಕೆ ಮುಗಿಯುತ್ತದೆ, ಹಾಡಿನ ಶ್ರುತಿಯೂ ಒಂಚೂರು ಮೇಲೆ ಹೋಗಿರುತ್ತದೆ. 75ರದ್ದು 60 ಅಂತ ಬರೆದಿದ್ದರೆ ಮಾತ್ರ ಅದನ್ನು ಅಲ್ಲೇ ಇಟ್ಟು ಬನ್ನಿ.